ವಿಂಡೋಸ್ ಆ್ಯಪ್‌ಗೆ ಕೋಡ್ ಸೈನಿಂಗ್ ಸರ್ಟಿಫಿಕೇಟ್: ಕೈಯಿಂದ ದುಡ್ಡು ಹಾಕೋದು ಸರಿನಾ?

ಅಚ್ಚುಮೊಳೆ
ನುಡಿ ಎನ್‌ಕೋಡಿಂಗ್‌ನ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಣ್ಣ ವಿಂಡೋಸ್ ಆ್ಯಪ್. ಸಿ ಶಾರ್ಪ್, ಇನ್‌ಸ್ಟಾಲರ್ ಇನ್ನೋ ಸೆಟಪ್‌ನದ್ದು, ಡೌನ್‌ಲೋಡ್ ಗಿಟ್‌ಹಬ್ ರಿಲೀಸಸ್‌ನಿಂದ. ಪೂರ್ತಿ ಉಚಿತ. ಬಳಸುವವರು ಡಿಟಿಪಿಯವರು, ಪ್ರೆಸ್‌ನವರು. ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದ ತಕ್ಷಣ "ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ" ಅನ್ನೋ ನೀಲಿ ಪೆಟ್ಟಿಗೆ ಬರುತ್ತೆ, ವೈರಸ್ ಅಂದುಕೊಂಡು ಅಳಿಸಿಬಿಡ್ತಾರೆ. ಆ್ಯಪ್ ಯಾರದ್ದು ಅಂತ ತೋರಿಸುವ ಡಿಜಿಟಲ್ ಸಹಿ ಹಾಕೋಕೆ ಬೇಕಾದ ಕೋಡ್ ಸೈನಿಂಗ್ ಸರ್ಟಿಫಿಕೇಟ್ ಕೊಂಡರೆ ಇದು ಹೋಗುತ್ತಾ? ಕೊಳ್ಳೋದಾದರೆ ಯಾವುದು? ಮುಂದೆ ಮ್ಯಾಕ್‌ಗೂ ಬಿಡುವ ಯೋಚನೆ ಇದೆ.

ಸಹಿಗಾರ
ಕೊಂಡ ದಿನವೇ ಹೋಗಲ್ಲ. ದುಡ್ಡು ಕಟ್ಟುವ ಮೊದಲು ಇದು ತಲೆಯಲ್ಲಿರಲಿ.

ಬ್ರೌಸರ್ ಯಾವುದೇ ಕಡತ ಇಳಿಸಿದಾಗ ಅದಕ್ಕೊಂದು ಬಾಲ ಅಂಟಿಸುತ್ತೆ. ಝೋನ್ ಐಡೆಂಟಿಫೈಯರ್ ಅನ್ನೋ ಸ್ಟ್ರೀಮ್, ಒಳಗೆ ಝೋನ್ ಐಡಿ 3 ಅಂತ ಬರೆದಿರುತ್ತೆ, ಅಂದರೆ ಇಂಟರ್ನೆಟ್‌ನಿಂದ ಬಂದದ್ದು. ಆ ಬಾಲ ಇರುವ ಇಎಕ್ಸ್‌ಇ ಓಡಿಸಿದಾಗ ಸ್ಮಾರ್ಟ್‌ಸ್ಕ್ರೀನ್ (ಆ ನೀಲಿ ಪೆಟ್ಟಿಗೆ ತೋರಿಸುವ ವಿಂಡೋಸ್ ಕಾವಲುಗಾರ) ಎರಡು ವಿಷಯ ನೋಡುತ್ತೆ: ಈ ಕಡತದ ಹ್ಯಾಶ್ (ಬೆರಳಚ್ಚಿನಂಥ ಗುರುತು) ಹಿಂದೆ ಕಂಡಿದೆಯಾ, ಸಹಿ ಹಾಕಿದ ಸರ್ಟಿಫಿಕೇಟಿಗೆ ಒಳ್ಳೇ ಹೆಸರಿದೆಯಾ. ಸಹಿ ಇಲ್ಲದಿದ್ದರೆ ಉಳಿಯೋದು ಹ್ಯಾಶ್ ಮಾತ್ರ. ನೀವು 1.4ರಿಂದ 1.5ಕ್ಕೆ ಹೋದ ದಿನ ಹ್ಯಾಶ್ ಬದಲಾಯ್ತು, ಗಳಿಸಿದ್ದೆಲ್ಲ ಸೊನ್ನೆ. ಸಹಿ ಇದ್ದರೆ ಆ ಒಳ್ಳೇ ಹೆಸರು ಸರ್ಟಿಫಿಕೇಟಿನ ಖಾತೆಗೂ ಜಮೆ ಆಗುತ್ತಾ ಹೋಗುತ್ತೆ, ಮುಂದಿನ ಬಿಲ್ಡ್‌ಗೆ ಅದು ಒದಗುತ್ತೆ. ನೀವು ಕೊಡುವ ದುಡ್ಡು ಈ ಖಾತೆ ತೆರೆಯೋದಕ್ಕೆ. ಮೊದಲ ಕೆಲವು ವಾರ ನೀಲಿ ಪೆಟ್ಟಿಗೆ ಬಂದೇ ಬರುತ್ತೆ, "ಅನ್‌ನೋನ್ ಪಬ್ಲಿಷರ್" ಇದ್ದ ಜಾಗದಲ್ಲಿ ನಿಮ್ಮ ಹೆಸರು ಇರುತ್ತೆ ಅಷ್ಟೆ.

ಹಿಂದೆ ಇವಿ ಸರ್ಟಿಫಿಕೇಟ್ (ಗುರುತನ್ನು ಹೆಚ್ಚು ಬಿಗಿಯಾಗಿ ಪರಿಶೀಲಿಸಿ ಕೊಡುವ ದುಬಾರಿ ಬಗೆ) ಕೊಂಡರೆ ಮೊದಲ ದಿನದಿಂದಲೇ ಪೆಟ್ಟಿಗೆ ಬರ್ತಿರಲಿಲ್ಲ. 2024ರಲ್ಲಿ ಮೈಕ್ರೋಸಾಫ್ಟ್ ಆ ರಿಯಾಯಿತಿ ತೆಗೆದುಹಾಕಿತು. ಮಾರುವವರ ಪುಟಗಳಲ್ಲಿ ಈಗಲೂ "ತಕ್ಷಣ ಎಚ್ಚರಿಕೆ ಮಾಯ" ಅಂತ ಬರೆದಿರೋದು ಕಾಣುತ್ತೆ, ಅದನ್ನು ನಂಬಿ ಇವಿಗೆ ದುಪ್ಪಟ್ಟು ಸುರಿಯಬೇಡಿ.

ದಿಬ್ಬದಮನೆ
ಲೆಕ್ಕ ನೋಡೋಣ. ಸಾದಾ ಸಂಸ್ಥೆ ಅಥವಾ ವ್ಯಕ್ತಿ ಹೆಸರಿನ ಸರ್ಟಿಫಿಕೇಟ್ ವರ್ಷಕ್ಕೆ ಸುಮಾರು 200ರಿಂದ 500 ಡಾಲರ್. ಮೇಲೆ ಟೋಕನ್ (ಸಹಿಯ ಕೀಲಿ ಇಡುವ ಯುಎಸ್‌ಬಿ ಸಾಧನ) ಬೆಲೆ, ಕೊರಿಯರ್, 18% ಜಿಎಸ್‌ಟಿ. ಉಚಿತ ಆ್ಯಪ್‌ಗೆ ಇದು ಮೂಗಿಗಿಂತ ಮೂಗುತಿ ಭಾರ.

ಅದೂ ಅಲ್ಲದೆ 2023ರ ಜೂನ್ 1ರಿಂದ ಸಹಿ ಹಾಕುವ ಖಾಸಗಿ ಕೀಲಿ ಹಾರ್ಡ್‌ವೇರ್‌ನಲ್ಲೇ ಇರಬೇಕು ಅನ್ನೋ ನಿಯಮ ಎಲ್ಲರಿಗೂ ಬಂತು. ಮೊದಲಿನ ಹಾಗೆ ಕೀಲಿ ಇರುವ ಪಿಎಫ್‌ಎಕ್ಸ್ ಕಡತ ಇಳಿಸಿಕೊಂಡು ಗಿಟ್‌ಹಬ್ ಸೀಕ್ರೆಟ್‌ನಲ್ಲಿ ಇಟ್ಟು ಮರೆಯೋ ಕಾಲ ಮುಗೀತು. 2026ರ ಮಾರ್ಚ್ 1ರಿಂದ ಒಂದು ಸರ್ಟಿಫಿಕೇಟಿನ ಆಯುಷ್ಯ ಹೆಚ್ಚೆಂದರೆ 460 ದಿನ. ಮೂರು ವರ್ಷದ್ದು ಅಂತ ಕೊಂಡರೂ ಮಧ್ಯೆ ಮಧ್ಯೆ ಹೊಸದಾಗಿ ಮಾಡಿಸಿಕೊಳ್ಳಲೇಬೇಕು. ಹೊಸ ಸರ್ಟಿಫಿಕೇಟ್ ಬಂದಾಗ ಸ್ಮಾರ್ಟ್‌ಸ್ಕ್ರೀನ್ ಖಾತೆ ಮತ್ತೆ ಬಡವಾಗಬಹುದು. ಇದೆಲ್ಲ ಸೇರಿಸಿದರೆ ನನ್ನ ಉತ್ತರ: ಬೇಡ.

ಎರೆಮಣ್ಣು
ತಿಂಗಳಿಗೆ 9.99 ಡಾಲರ್‌ಗೆ ಮೈಕ್ರೋಸಾಫ್ಟೇ ಸಹಿ ಸೇವೆ ಕೊಡುತ್ತಲ್ಲ, ಅಝೂರ್ ಟ್ರಸ್ಟೆಡ್ ಸೈನಿಂಗ್ (ಈಗಿನ ಹೆಸರು ಆರ್ಟಿಫ್ಯಾಕ್ಟ್ ಸೈನಿಂಗ್)? ಟೋಕನ್ನೂ ಬೇಡ.

ಸಹಿಗಾರ
ಸೇವೆ ಚೆನ್ನಾಗಿದೆ. ಆ ದರಕ್ಕೆ ತಿಂಗಳಿಗೆ 5,000 ಸಹಿ, ಸಿಐನಿಂದ (ತಾನಾಗಿ ಬಿಲ್ಡ್ ಮಾಡುವ ಸರ್ವರ್, ಗಿಟ್‌ಹಬ್ ಆ್ಯಕ್ಷನ್ಸ್ ಥರ) ನೇರ ಕರೆಯಬಹುದು. ಆದರೆ ಅದು ತೆರೆದಿರೋದು ಅಮೆರಿಕ, ಕೆನಡಾ, ಐರೋಪ್ಯ ಒಕ್ಕೂಟ, ಬ್ರಿಟನ್ ಸಂಸ್ಥೆಗಳಿಗೆ. ವ್ಯಕ್ತಿಗಳಿಗಾದರೆ ಅಮೆರಿಕ, ಕೆನಡಾದಲ್ಲಿ ಮಾತ್ರ. ಹುಬ್ಬಳ್ಳಿಯಲ್ಲಿ ಕೂತವರಿಗೆ ಗುರುತು ಪರಿಶೀಲನೆಯ ಹಂತದಲ್ಲೇ ಬಾಗಿಲು ಮುಚ್ಚುತ್ತೆ. ಟೊರಾಂಟೊದಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರು ತಮ್ಮ ಸ್ವಂತ ಆ್ಯಪ್‌ಗೆ ಧಾರಾಳವಾಗಿ ಬಳಸಬಹುದು. "ಅಮೆರಿಕದ ಗೆಳೆಯನ ಹೆಸರಲ್ಲಿ ಮಾಡಿಸಿಬಿಡಿ" ಅಂತ ಯಾರೋ ಹೇಳೇ ಹೇಳ್ತಾರೆ, ಆ ದಾರಿ ಬೇಡ. ಪಬ್ಲಿಷರ್ ಜಾಗದಲ್ಲಿ ಆತನ ಹೆಸರು ಬರುತ್ತೆ, ನಿಮ್ಮ ಕೋಡ್‌ನಲ್ಲಿ ಏನಾದರೂ ಎಡವಟ್ಟಾದರೆ ಹೊಣೆ ಆತನ ತಲೆಗೆ.

ನಟ್ಟುಬೋಲ್ಟು
ಟೆಂಡರ್‌ಗೆ, ಜಿಎಸ್‌ಟಿಗೆ ಮಾಡಿಸಿದ ಕ್ಲಾಸ್ 3 ಡಿಎಸ್‌ಸಿ (ಡಿಜಿಟಲ್ ಸಹಿ ಸರ್ಟಿಫಿಕೇಟ್) ಟೋಕನ್ ಎಷ್ಟೋ ಜನರ ಹತ್ರ ಇದೆ. ಅದರಿಂದಲೇ ಇಎಕ್ಸ್‌ಇಗೆ ಸಹಿ ಹಾಕಬಾರದಾ?

ಬಿಲ್ಡ್‌ಭಟ್ಟ
ಆಗಲ್ಲ ಸರ್. ಸರ್ಟಿಫಿಕೇಟ್ ಒಳಗೆ "ಇದನ್ನು ಯಾವುದಕ್ಕೆ ಬಳಸಬಹುದು" ಅನ್ನೋ ಪಟ್ಟಿ ಇರುತ್ತೆ. ಇಎಕ್ಸ್‌ಇಗೆ ಸಹಿ ಹಾಕುವ ಮೈಕ್ರೋಸಾಫ್ಟ್ ಸಲಕರಣೆ ಸೈನ್‌ಟೂಲ್‌ಗೆ ಬೇಕಾದ ಬಾಬತ್ತು 1.3.6.1.5.5.7.3.3, ಅಂದರೆ ಕೋಡ್ ಸೈನಿಂಗ್. ಡಿಎಸ್‌ಸಿಯಲ್ಲಿ ಕಾಗದಪತ್ರಕ್ಕೆ, ಇಮೇಲ್‌ಗೆ, ಲಾಗಿನ್‌ಗೆ ಬೇಕಾದ್ದು ಮಾತ್ರ. ಟೋಕನ್ ಚುಚ್ಚಿ ಸೈನ್‌ಟೂಲ್ ಓಡಿಸಿದರೆ "ನೋ ಸರ್ಟಿಫಿಕೇಟ್ಸ್ ವರ್ ಫೌಂಡ್" ಅಂತ ಬಂದು ನಿಲ್ಲುತ್ತೆ. ಬಹಳ ಜನ ಡ್ರೈವರ್ ಸರಿಯಿಲ್ಲ ಅಂದುಕೊಂಡು ಅದನ್ನೇ ಮೂರು ಸಲ ಹಾಕ್ತಾರೆ. ತೊಂದರೆ ಡ್ರೈವರ್‌ನದ್ದಲ್ಲ.

ಇನ್ನೊಂದು ಗೊಂದಲ: ಸರ್ಟಿಫಿಕೇಟ್ ಕೊಡುವ ಬೆಂಗಳೂರಿನ ಈಮುದ್ರದವರು ಡಿಎಸ್‌ಸಿಯನ್ನು ಭಾರತದ ಸಿಸಿಎ (ಸರ್ಕಾರಿ ನಿಯಂತ್ರಕರು) ರೂಟ್, ಅಂದರೆ ಮೂಲ ಸರ್ಟಿಫಿಕೇಟ್ ಕೆಳಗೆ ಕೊಡ್ತಾರೆ, ಅಂತರರಾಷ್ಟ್ರೀಯ ಸರ್ಟಿಫಿಕೇಟುಗಳನ್ನು ಎಮ್‌ಸೈನ್ ಅನ್ನೋ ಬೇರೆ ರೂಟ್ ಕೆಳಗೆ. ಕಂಪನಿ ಒಂದೇ ಆದರೂ ಎರಡೂ ಬೇರೆ ಬೇರೆ ವಂಶ.

ತುಂಗಾತೀರ
ಅಚ್ಚುಮೊಳೆ ಅವರೇ, ನಿಮ್ಮದು ಉಚಿತ ಅಂದಿರಿ. ಸೋರ್ಸ್ ಕೋಡ್ ತೆರೆದಿದೆಯಾ? ಲೈಸೆನ್ಸ್ ಕಡತ ಹಾಕಿದ್ದೀರಾ?

ಅಚ್ಚುಮೊಳೆ
ತೆರೆದಿದೆ, ಎಂಐಟಿ ಲೈಸೆನ್ಸ್. ಜೊತೆಗೆ ನಾಲ್ಕು ಹಳೇ ಎಎಸ್‌ಸಿಐಐ ಫಾಂಟ್ ಇನ್‌ಸ್ಟಾಲರ್‌ನಲ್ಲಿ ಹೋಗುತ್ತೆ, ಮುನ್ನೋಟ ತೋರಿಸೋಕೆ.

ತುಂಗಾತೀರ
ಹಾಗಾದರೆ ಸೈನ್‌ಪಾತ್ ಫೌಂಡೇಶನ್ ನೋಡಿ. ಮುಕ್ತ ತಂತ್ರಾಂಶಕ್ಕೆ ಕಾಸಿಲ್ಲದೆ ಸಹಿ ಹಾಕಿಕೊಡ್ತಾರೆ. ಷರತ್ತುಗಳಿವೆ: ಓಎಸ್‌ಐ (ಓಪನ್ ಸೋರ್ಸ್ ಇನಿಶಿಯೇಟಿವ್) ಒಪ್ಪಿದ ಲೈಸೆನ್ಸ್ ಇರಬೇಕು, ಒಳಗೆ ಸ್ವಾಮ್ಯದ ಭಾಗ ಇರಬಾರದು, ಆಗಲೇ ಬಿಡುಗಡೆಯಾಗಿ ಬಳಕೆಯಲ್ಲಿರಬೇಕು, ಬಿಲ್ಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ ಸಿಐನಲ್ಲೇ ಆಗಬೇಕು, ಪ್ರತಿ ಬಿಡುಗಡೆಗೂ ತಂಡದಲ್ಲೊಬ್ಬರು ಕೈಯಾರೆ ಒಪ್ಪಿಗೆ ಒತ್ತಬೇಕು. ಪಬ್ಲಿಷರ್ ಜಾಗದಲ್ಲಿ ನಿಮ್ಮ ಹೆಸರು ಬರಲ್ಲ, ಅವರದ್ದು ಬರುತ್ತೆ.

ನಿಮಗೆ ತೊಡಕಾಗೋದು ಆ ನಾಲ್ಕು ಫಾಂಟ್. ಅವುಗಳ ಲೈಸೆನ್ಸ್ ಸ್ಪಷ್ಟ ಇಲ್ಲದಿದ್ದರೆ ಇನ್‌ಸ್ಟಾಲರ್‌ನಿಂದ ತೆಗೆದುಬಿಡಿ. ಬಳಸುವವರ ಯಂತ್ರದಲ್ಲಿ ಆ ಫಾಂಟ್ ಹೇಗೂ ಇರುತ್ತೆ, ಇಲ್ಲದಿದ್ದರೆ ಹಳೇ ಕಡತ ಅವರ ಹತ್ರ ಹೇಗೆ ಬಂತು!

ಪೋಲೆಂಡ್‌ನ ಸರ್ಟಮ್‌ನವರದ್ದೂ ಇದೆ, ಮುಕ್ತ ತಂತ್ರಾಂಶದ ಡೆವಲಪರ್‌ಗಳಿಗೆ ಅಂತಲೇ ಕಡಿಮೆ ಬೆಲೆಯ ಸರ್ಟಿಫಿಕೇಟ್. ಪುಕ್ಕಟೆಯಲ್ಲ, ಆದರೆ ದಿಬ್ಬದಮನೆಯವರು ಹೇಳಿದ ದರದ ಹತ್ತಿರಕ್ಕೂ ಬರಲ್ಲ. ಹೆಸರಿನ ಮುಂದೆ "ಓಪನ್ ಸೋರ್ಸ್ ಡೆವಲಪರ್" ಅಂತ ಸೇರಿಸ್ತಾರೆ. ಕೀಲಿಯನ್ನು ಅವರ ಕ್ಲೌಡ್‌ನಲ್ಲೇ ಇಡುವ ಆಯ್ಕೆ ತಗೊಂಡರೆ ಟೋಕನ್ ಕೊರಿಯರ್‌ಗೆ ಕಾಯೋದು ತಪ್ಪುತ್ತೆ.

ದಿಬ್ಬದಮನೆ
ಸ್ಟೋರ್ ದಾರಿ ಯಾರೂ ಹೇಳಲಿಲ್ಲ. 2025ರಿಂದ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ವ್ಯಕ್ತಿಗತ ಡೆವಲಪರ್ ಖಾತೆಗೆ ಶುಲ್ಕವೇ ಇಲ್ಲ, ಮೊದಲು ಒಂದು ಸಲ 19 ಡಾಲರ್ ಇತ್ತು. ಆ್ಯಪನ್ನು ಎಂಎಸ್‌ಐಎಕ್ಸ್ (ವಿಂಡೋಸ್‌ನ ಹೊಸ ಬಗೆಯ ಪ್ಯಾಕೇಜ್) ಮಾಡಿ ಹಾಕಿದರೆ ಪರಿಶೀಲನೆ ಆದ ಮೇಲೆ ಮೈಕ್ರೋಸಾಫ್ಟೇ ತನ್ನ ಸಹಿ ಹಾಕುತ್ತೆ. ನೀಲಿ ಪೆಟ್ಟಿಗೆಯ ಪ್ರಶ್ನೆಯೇ ಇಲ್ಲ.

ಎಡವುವ ಕಡೆ: ಸ್ಟೋರ್ ಇಎಕ್ಸ್‌ಇ, ಎಂಎಸ್‌ಐ ಇನ್‌ಸ್ಟಾಲರ್‌ಗಳನ್ನೂ ತಗೊಳ್ಳುತ್ತೆ, ಆದರೆ ಅವಕ್ಕೆ ನೀವೇ ಕೊಂಡ ಸರ್ಟಿಫಿಕೇಟಿನ ಸಹಿ ಬೇಕು. ಪುಕ್ಕಟೆ ಸಹಿ ಎಂಎಸ್‌ಐಎಕ್ಸ್‌ಗೆ ಮಾತ್ರ. ಅದೇ ಎಂಎಸ್‌ಐಎಕ್ಸನ್ನು ಸಹಿ ಇಲ್ಲದೆ ನಿಮ್ಮ ಸೈಟ್‌ನಲ್ಲಿ ಇಟ್ಟರೆ ಎಚ್ಚರಿಕೆ ಕೂಡ ಬರಲ್ಲ, ಇನ್‌ಸ್ಟಾಲೇ ಆಗಲ್ಲ.

ಬಿಲ್ಡ್‌ಭಟ್ಟ
ಎಂಎಸ್‌ಐಎಕ್ಸ್‌ಗೆ ತಿರುಗಿಸುವಾಗ ಮೂರು ಕಡೆ ಕೈಕೊಡುತ್ತೆ. ಮ್ಯಾನಿಫೆಸ್ಟ್‌ನ (ಪ್ಯಾಕೇಜಿನ ವಿವರ ಇರುವ ಕಡತ) ಪಬ್ಲಿಷರ್ ಸಾಲು ಸ್ಟೋರ್‌ನ ಡೆವಲಪರ್ ತಾಣ ಪಾರ್ಟ್‌ನರ್ ಸೆಂಟರ್‌ನಲ್ಲಿ ಕೊಟ್ಟ ಉದ್ದದ ಗುರುತಿಗೆ ಅಕ್ಷರ ಅಕ್ಷರ ಹೊಂದಬೇಕು, ನಿಮ್ಮ ಹೆಸರನ್ನೇ ಬರೆದರೆ ಅಪ್‌ಲೋಡ್ ತಿರಸ್ಕಾರ. ಎರಡು, ಸೆಟ್ಟಿಂಗ್ಸ್ ಕಡತವನ್ನು ಇಎಕ್ಸ್‌ಇ ಪಕ್ಕದಲ್ಲೇ ಬರೆಯುವ ಹಳೇ ಅಭ್ಯಾಸ. ವಿಂಡೋಸ್‌ಆ್ಯಪ್ಸ್ ಫೋಲ್ಡರ್‌ಗೆ ಬರೆಯಲು ಬಿಡಲ್ಲ, ಆ್ಯಪ್ ತೆರೆದ ಕೂಡಲೇ ಬೀಳುತ್ತೆ. ಲೋಕಲ್ ಆ್ಯಪ್‌ಡೇಟಾಗೆ ಸರಿಸಿ. ಮೂರು, ಫಾಂಟ್. ವಿಂಡೋಸ್ ಫಾಂಟ್ಸ್ ಫೋಲ್ಡರ್‌ಗೆ ನೇರ ಸುರಿಯೋಕೆ ಆಗಲ್ಲ, ಮ್ಯಾನಿಫೆಸ್ಟ್‌ನಲ್ಲಿ ಶೇರ್ಡ್ ಫಾಂಟ್ಸ್ ಅನ್ನೋ ಎಕ್ಸ್‌ಟೆನ್ಶನ್ ಬರೀಬೇಕು.

ಎರೆಮಣ್ಣು
ಪ್ರೆಸ್‌ಗಳಲ್ಲಿ ಸ್ಟೋರ್ ತೆರೆಯುವವರೇ ಇಲ್ಲ ಗುರುಗಳೇ. ಒಬ್ಬರು ಇಳಿಸಿಕೊಂಡರೆ ಪೆನ್‌ಡ್ರೈವ್‌ನಲ್ಲಿ ಬೀದಿಯ ಎಲ್ಲ ಅಂಗಡಿಗೂ ಹೋಗುತ್ತೆ. ಪೆನ್‌ಡ್ರೈವ್‌ನಿಂದ ಹಾಕಿದಾಗ ನೀಲಿ ಪೆಟ್ಟಿಗೆ ಬರೋದೇ ಇಲ್ಲ. ಮತ್ತೆ ಸಹಿ ಯಾಕೆ?

ಸಹಿಗಾರ
ಪೆಟ್ಟಿಗೆ ಬರದಿರೋದಕ್ಕೆ ಕಾರಣ ಇದೆ. ಪೆನ್‌ಡ್ರೈವ್ ಸಾಮಾನ್ಯವಾಗಿ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್‌ನಲ್ಲಿ ಇರುತ್ತೆ. ನಾನು ಮೇಲೆ ಹೇಳಿದ ಬಾಲ ಎನ್‌ಟಿಎಫ್‌ಎಸ್‌ನಲ್ಲಿ ಮಾತ್ರ ಉಳಿಯುತ್ತೆ. ಕಾಪಿ ಮಾಡಿದ ಕೂಡಲೇ ಬಾಲ ಕಟ್, ಸ್ಮಾರ್ಟ್‌ಸ್ಕ್ರೀನ್‌ಗೆ ಕಾಣಲ್ಲ. ಅದೇ ಝಿಪ್ ಮಾಡಿ ಕೊಟ್ಟರೆ ತಪ್ಪಿಸಿಕೊಳ್ಳಬಹುದು ಅಂತ ಕೆಲವರು ಹೇಳ್ತಾರೆ, ಎಕ್ಸ್‌ಪ್ಲೋರರ್‌ನಲ್ಲಿ ಬಿಚ್ಚಿದರೆ ಬಾಲ ಒಳಗಿನ ಕಡತಗಳಿಗೂ ಹರಿಯುತ್ತೆ.

ಸಹಿಯ ನಿಜವಾದ ಉಪಯೋಗ ಇರೋದು ಈ ಪೆನ್‌ಡ್ರೈವ್ ಸರಪಳಿಯಲ್ಲೇ ಅಂತ ನನ್ನ ವಾದ. ಆರನೇ ಅಂಗಡಿಗೆ ತಲುಪುವ ಹೊತ್ತಿಗೆ ನಾಲ್ಕನೇ ಯಂತ್ರದ ವೈರಸ್ ಇನ್‌ಸ್ಟಾಲರ್‌ಗೆ ಮೆತ್ತಿಕೊಂಡಿರಬಹುದು. ಸಹಿ ಇದ್ದರೆ ಕಡತದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಜಿಟಲ್ ಸಿಗ್ನೇಚರ್ಸ್, ಡೀಟೇಲ್ಸ್. ಕೋಡ್‌ನಲ್ಲಿ ಒಂದು ಬೈಟ್ ಬದಲಾಗಿದ್ದರೂ ಸಹಿ ಸರಿಯಿಲ್ಲ ಅಂತ ಅಲ್ಲೇ ಹೇಳುತ್ತೆ. ಅಡ್ಮಿನ್ ಅನುಮತಿ ಕೇಳುವ ಪೆಟ್ಟಿಗೆಗೂ ಬಾಲಕ್ಕೂ ಸಂಬಂಧ ಇಲ್ಲ. ಪೆನ್‌ಡ್ರೈವ್‌ನಿಂದ ಬಂದರೂ ಸಹಿ ಇಲ್ಲದ್ದಕ್ಕೆ ಹಳದಿ ಪಟ್ಟಿ, ಸಹಿ ಇದ್ದರೆ ನೀಲಿ ಪಟ್ಟಿಯಲ್ಲಿ ಹೆಸರು.

ದಿಬ್ಬದಮನೆ
ಸಹಿ ಇದ್ದದ್ದೆಲ್ಲ ಶುದ್ಧ ಅನ್ನೋ ಭ್ರಮೆಯೂ ಬೇಡ. 2010ರಲ್ಲಿ ಸ್ಟಕ್ಸ್‌ನೆಟ್ ಬಂದದ್ದು ರಿಯಲ್‌ಟೆಕ್, ಜೆಮೈಕ್ರಾನ್‌ನಿಂದ ಕದ್ದ ಕೀಲಿಗಳ ಸಹಿಯೊಂದಿಗೆ. 2023ರ 3ಸಿಎಕ್ಸ್ ಪ್ರಕರಣದಲ್ಲಿ ಕಂಪನಿಯದೇ ಅಸಲಿ ಸಹಿ ಇದ್ದ ಅಪ್‌ಡೇಟ್‌ನಲ್ಲಿ ಮಾಲ್‌ವೇರ್ ಇತ್ತು. ಸಹಿ "ಯಾರು ಕೊಟ್ಟದ್ದು" ಅಂತ ಹೇಳುತ್ತೆ, "ಒಳ್ಳೇದು" ಅಂತಲ್ಲ.

ನೀಲಿ ಪೆಟ್ಟಿಗೆ ಬಗ್ಗೆ ಡೌನ್‌ಲೋಡ್ ಪುಟದಲ್ಲಿ ಒಂದು ಚಿತ್ರ ಹಾಕಿ: "ಮೋರ್ ಇನ್ಫೋ" ಒತ್ತಿ, ಆಮೇಲೆ "ರನ್ ಎನಿವೇ". ಕೆಳಗೆ ಕಡತದ ಎಸ್‌ಎಚ್‌ಎ-256 ಹ್ಯಾಶ್. ಉಚಿತ ಆ್ಯಪ್‌ಗೆ ಇಷ್ಟು ಸಾಕು.

ತುಂಗಾತೀರ
ಡಿಟಿಪಿಯವರು ಹ್ಯಾಶ್ ಹೋಲಿಸ್ತಾರೆ ಅಂತ ನಿಜವಾಗಿ ನಂಬ್ತೀರಾ ಸ್ವಾಮಿ? ಮತ್ತೆ ವಿಂಡೋಸ್ 11ರಲ್ಲಿ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಚಾಲೂ ಇದ್ದರೆ "ರನ್ ಎನಿವೇ" ಗುಂಡಿಯೇ ಇರಲ್ಲ. ಗುರುತಿಲ್ಲದ, ಸಹಿಯಿಲ್ಲದ ಆ್ಯಪ್ ಸೀದಾ ತಡೆ. ಹೊಸ ಲ್ಯಾಪ್‌ಟಾಪ್ ಕೊಂಡವರಿಂದ "ನಿಮ್ಮದು ಓಪನ್ನೇ ಆಗಲ್ಲ" ಅನ್ನೋ ದೂರು ಬಂದರೆ ಮೊದಲು ಅದನ್ನು ಕೇಳಿ.

ನಟ್ಟುಬೋಲ್ಟು
ದುಡ್ಡಿಗೆ ಮಾರುವ ಆ್ಯಪ್ ಆದರೆ? ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್, ವರ್ಷಕ್ಕೆ ತಲಾ 3,000 ರೂಪಾಯಿ, ಇನ್ನೂರು ಗಿರಾಕಿ ಅಂದುಕೊಳ್ಳಿ.

ಸಹಿಗಾರ
ಆಗ ಚರ್ಚೆಯೇ ಬೇಡ, ಕೊಳ್ಳಿ. 6 ಲಕ್ಷದ ವಹಿವಾಟಿನಲ್ಲಿ ಸರ್ಟಿಫಿಕೇಟ್ ಖರ್ಚು ಹತ್ತು ಹನ್ನೆರಡು ಗಿರಾಕಿಗಳ ಶುಲ್ಕಕ್ಕೆ ಮುಗಿಯುತ್ತೆ. ಫೋನ್‌ನಲ್ಲಿ "ಮೋರ್ ಇನ್ಫೋ ಒತ್ತಿ ಸರ್" ಅಂತ ಇನ್ನೂರು ಸಲ ಹೇಳೋದು ಉಳಿಯುತ್ತೆ. ಇನ್ನೊಂದು: ಆ್ಯಪ್ ಕಟ್ಟೋಕೆ ಎಲೆಕ್ಟ್ರಾನ್ (ವೆಬ್ ತಂತ್ರದ ಚೌಕಟ್ಟು) ಬಳಸಿದ್ದರೆ ಅಪ್‌ಡೇಟರ್ ಹೊಸ ಕಡತದ ಪಬ್ಲಿಷರ್ ಹೆಸರನ್ನು ಹಳೆಯದಕ್ಕೆ ಹೋಲಿಸುತ್ತೆ. ಮೊದಲ ವರ್ಷ ಸ್ವಂತ ಹೆಸರಲ್ಲಿ ತಗೊಂಡು ಎರಡನೇ ವರ್ಷ ಕಂಪನಿ ಹೆಸರಿಗೆ ಹೋದರೆ, "ನಾಟ್ ಸೈನ್ಡ್ ಬೈ ದಿ ಆ್ಯಪ್ಲಿಕೇಶನ್ ಓನರ್" ಅಂತ ಎಲ್ಲ ಗಿರಾಕಿಗಳ ಅಪ್‌ಡೇಟ್ ನಿಂತುಬಿಡುತ್ತೆ. ಬದಲಿಸುವ ಮೊದಲು, ಹಳೇ ಸಹಿಯಲ್ಲೇ ಒಂದು ಮಧ್ಯಂತರ ಬಿಡುಗಡೆ ಮಾಡಿ, ಅದರ ಪಬ್ಲಿಷರ್ ಪಟ್ಟಿಯಲ್ಲಿ ಎರಡೂ ಹೆಸರು ಇರಲಿ. ಎಲ್ಲರೂ ಅದಕ್ಕೆ ಬಂದ ಮೇಲೆ ಹೊಸ ಸಹಿ.

ತುಂಗಾತೀರ
ಕೊಳ್ಳುವವರಿಗೆ ಪರಿಶೀಲನೆ ಬಗ್ಗೆ ಎರಡು ಮಾತು. ನಮ್ಮಲ್ಲಿ ಸಿಕ್ಕಿಬೀಳೋದು ಹೆಸರಿನ ಇನಿಷಿಯಲ್‌ನಲ್ಲಿ. ಆಧಾರ್‌ನಲ್ಲಿ "ಮಂಜುನಾಥ ಕೆ", ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದದ್ದು, ಬ್ಯಾಂಕ್‌ನಲ್ಲಿ ಮೂರನೇ ರೂಪ. ಪರಿಶೀಲಿಸುವವರು ಕೂತಿರೋದು ಬೇರೆ ದೇಶದಲ್ಲಿ, ಮೂರೂ ಒಬ್ಬರೇ ಅಂತ ಅವರಿಗೆ ಹೊಳೆಯಲ್ಲ. ಅರ್ಜಿಯಲ್ಲಿ ಯಾವ ಗುರುತಿನ ಚೀಟಿ ಕೊಡ್ತೀರೋ ಅದರಲ್ಲಿರುವ ಹಾಗೇ, ಸ್ಪೇಸ್ ಸಮೇತ, ಹೆಸರು ತುಂಬಿ. ಪಾಸ್‌ಪೋರ್ಟ್ ಇದ್ದರೆ ಅದನ್ನೇ ಆಧಾರವಾಗಿಡಿ. ಅಂಗಡಿ ಹೆಸರಲ್ಲಿ ಬೇಕಾದರೆ ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿ ಪತ್ರ, ಮತ್ತು ಸಾರ್ವಜನಿಕ ಪಟ್ಟಿಯೊಂದರಲ್ಲಿ ಕಾಣುವ ಫೋನ್ ನಂಬರ್ ಸಿದ್ಧ ಇಟ್ಟುಕೊಳ್ಳಿ. ಆ ನಂಬರ್‌ಗೆ ಕರೆ ಮಾಡಿ ಖಚಿತ ಮಾಡಿಕೊಳ್ಳುವ ಪದ್ಧತಿ ಇದೆ.

ವ್ಯಕ್ತಿ ಹೆಸರಲ್ಲಿ ತಗೊಂಡರೆ ನಿಮ್ಮ ಪೂರ್ಣ ಹೆಸರು, ಊರು, ರಾಜ್ಯ ಸರ್ಟಿಫಿಕೇಟಿನಲ್ಲಿ ಅಚ್ಚಾಗಿ ಪ್ರತಿ ಇಎಕ್ಸ್‌ಇ ಜೊತೆ ಊರೂರು ತಿರುಗುತ್ತೆ. ಗುಪ್ತನಾಮದಲ್ಲಿ ಆ್ಯಪ್ ಬಿಡುವವರು ಇದನ್ನು ಮೊದಲೇ ಯೋಚಿಸಬೇಕು.

ಅಚ್ಚುಮೊಳೆ
ಸೈನ್‌ಪಾತ್‌ಗೆ ಅರ್ಜಿ ಹಾಕುವ ಕಡೆ ಮನಸ್ಸು ವಾಲ್ತಿದೆ. ಸಹಿ ಹಾಕುವ ಕ್ರಮ ಹೇಗೆ? ಕೊನೆಗೆ ಸೆಟಪ್ ಕಡತಕ್ಕೆ ಹಾಕಿದರೆ ಸಾಕಲ್ಲ?

ಬಿಲ್ಡ್‌ಭಟ್ಟ
ಸಾಲಲ್ಲ, ಎಲ್ಲರೂ ಮಾಡುವ ತಪ್ಪೇ ಅದು. ಸೆಟಪ್ ಕಡತದ ಸಹಿ ಇನ್‌ಸ್ಟಾಲ್ ಆಗುವ ತನಕ ಮಾತ್ರ. ಆಮೇಲೆ ಡಿಸ್ಕ್‌ನಲ್ಲಿ ಉಳಿಯೋದು ಒಳಗಿನ ಇಎಕ್ಸ್‌ಇ, ಡಿಎಲ್‌ಎಲ್‌ಗಳು, ಅವು ಬೆತ್ತಲೆ. ಒಳಗಿನಿಂದ ಹೊರಕ್ಕೆ ಬರಬೇಕು. ಡಾಟ್‌ನೆಟ್ ಪಬ್ಲಿಷ್ ಪೂರ್ತಿ ಮುಗಿಯಲಿ. ಸಿಂಗಲ್ ಫೈಲ್ ಆಗಿದ್ದರೆ ಒಟ್ಟು ಕಟ್ಟಿದ ಮೇಲೆ. ಐಕಾನ್, ಆವೃತ್ತಿ ಸಂಖ್ಯೆ ಬದಲಿಸುವ ಕೆಲಸವೂ ಅಷ್ಟರೊಳಗೆ ಆಗಿರಬೇಕು, ಸಹಿಯಾದ ಮೇಲೆ ಕಡತ ಮುಟ್ಟಿದರೆ ಸಹಿ ಹಾಳು. ಆಗ ನಿಮ್ಮ ಇಎಕ್ಸ್‌ಇ, ನಿಮ್ಮ ಡಿಎಲ್‌ಎಲ್‌ಗಳಿಗೆ ಸಹಿ ಹಾಕಿ. ಮೈಕ್ರೋಸಾಫ್ಟ್ ಡಿಎಲ್‌ಎಲ್‌ಗಳಿಗೆ ಅವರ ಸಹಿ ಇದೆ, ಬಿಡಿ. ನಂತರ ಇನ್ನೋ ಸೆಟಪ್. ಅಲ್ಲಿ ಸೆಟಪ್ ವಿಭಾಗದಲ್ಲಿ ಸೈನ್‌ಟೂಲ್ ಸಾಲು ಬರೆದರೆ ಇನ್‌ಸ್ಟಾಲರ್ ಜೊತೆ ಅನ್‌ಇನ್‌ಸ್ಟಾಲರ್‌ಗೂ ಸಹಿ ಬೀಳುತ್ತೆ. ಬರೀದೆ ಹೊರಗಿನಿಂದ ಸಹಿ ಹಾಕಿದರೆ ಅನ್‌ಇನ್‌ಸ್ಟಾಲರ್ ಬಿಟ್ಟುಹೋಗುತ್ತೆ, ತೆಗೆಯುವಾಗ ಮತ್ತೆ ಹಳದಿ ಪಟ್ಟಿ. ಸೈನ್‌ಪಾತ್‌ನಂಥ ಹೊರಗಿನ ಸೇವೆ ಬಳಸುವಾಗ ಇದನ್ನು ಎರಡು ಹಂತವಾಗಿ ಹೊಂದಿಸಬೇಕಾಗುತ್ತೆ, ಮೊದಲೇ ಯೋಚಿಸಿಟ್ಟುಕೊಳ್ಳಿ.

ಟೋಕನ್ ಕೊಂಡವರಿಗೆ ಎರಡು ಟಿಪ್ಪಣಿ. ಪ್ರತಿ ಕಡತಕ್ಕೂ ಪಿನ್ ಕೇಳ್ತಿದ್ದರೆ ಸೇಫ್‌ನೆಟ್ ಕ್ಲೈಂಟ್‌ನಲ್ಲಿ ಸಿಂಗಲ್ ಲಾಗಾನ್ ಆನ್ ಮಾಡಿ. ಬಿಲ್ಡ್ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಹೋದರೆ ಅಲ್ಲಿ ಚುಚ್ಚಿದ ಟೋಕನ್ ಕಾಣಲ್ಲ, ಸೆಷನ್ ನಿಮ್ಮ ಕಡೆಯ ಯಂತ್ರದ ಕಾರ್ಡ್ ಹುಡುಕುತ್ತೆ. ಟೋಕನ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ!

ಎರೆಮಣ್ಣು
ಇನ್‌ಸ್ಟಾಲರ್‌ಗೆ ಅಡ್ಮಿನ್ ಅನುಮತಿ ಬೇಕೇ ಬೇಕಾ ಅಂತಲೂ ನೋಡಿ. ಇನ್ನೋದಲ್ಲಿ ಪ್ರಿವಿಲೆಜಸ್ ರಿಕ್ವೈರ್ಡ್ ಅನ್ನೋದನ್ನು ಲೋಯೆಸ್ಟ್ ಮಾಡಿ ಬಳಕೆದಾರರ ಫೋಲ್ಡರ್‌ಗೆ ಹಾಕಿದರೆ ಆ ಹಳದಿ ಪಟ್ಟಿಯೇ ಬರಲ್ಲ.

ನಟ್ಟುಬೋಲ್ಟು
ಮ್ಯಾಕ್ ಪ್ರಶ್ನೆ ಹಾಗೇ ಉಳೀತು.

ತುಂಗಾತೀರ
ಮ್ಯಾಕ್‌ನಲ್ಲಿ ಚೌಕಾಸಿ ಇಲ್ಲ. ಆ್ಯಪಲ್ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್ ಕಟ್ಟಿ, ಇಲ್ಲವಾದರೆ ಗೊತ್ತಿರುವವರಿಗೆ ಮಾತ್ರ ಕೊಡಿ. 2024ರ ಮ್ಯಾಕ್‌ಓಎಸ್ ಸೆಕೋಯಾದಿಂದ, ಸಹಿಯಿಲ್ಲದ ಆ್ಯಪನ್ನು ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ತೆರೆಯುವ ಒಳದಾರಿ ಮುಚ್ಚಿತು. ಈಗ ಸಿಸ್ಟಂ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಕೆಳಗಿಳಿದು "ಓಪನ್ ಎನಿವೇ". ಸಾಮಾನ್ಯ ಬಳಕೆದಾರರು ಅಷ್ಟು ದೂರ ಹೋಗಲ್ಲ.

ದುಡ್ಡು ಕಟ್ಟಿದರೆ ಕೆಲಸ ನೇರ: ಹಾರ್ಡನ್ಡ್ ರನ್‌ಟೈಮ್ (ಆ್ಯಪಲ್‌ನ ಸುರಕ್ಷತಾ ಆಯ್ಕೆ) ಆನ್ ಮಾಡಿ ಸಹಿ, ನೋಟರಿಟೂಲ್‌ನಲ್ಲಿ ಝಿಪ್ ಆ್ಯಪಲ್‌ನ ತಪಾಸಣೆಗೆ (ಅದೇ ನೋಟರೈಸ್) ಕಳಿಸಿ, ಸಾಮಾನ್ಯವಾಗಿ ಕೆಲವೇ ನಿಮಿಷ, ಒಪ್ಪಿಗೆ ಬಂದ ಮೇಲೆ ಸ್ಟೇಪಲ್, ಅಂದರೆ ಆ ಒಪ್ಪಿಗೆಯನ್ನು ಆ್ಯಪ್‌ಗೆ ಅಂಟಿಸೋದು. ಝಿಪ್‌ಗೆ ಸ್ಟೇಪಲ್ ಮಾಡೋಕಾಗಲ್ಲ; ಆ್ಯಪ್‌ಗೆ ಮಾಡಿ ಮತ್ತೆ ಝಿಪ್ ಕಟ್ಟಿ, ಅಥವಾ ಡಿಎಂಜಿ (ಮ್ಯಾಕ್‌ನ ಡಿಸ್ಕ್ ಇಮೇಜ್) ಬಳಸಿ. ಒಂದು ಸಮಾಧಾನ: ಡೆವಲಪರ್ ಐಡಿ ಸರ್ಟಿಫಿಕೇಟ್ 5 ವರ್ಷದ್ದು, ಮುಂದಿನ ವರ್ಷ ಸದಸ್ಯತ್ವ ಬಿಟ್ಟರೂ ಆಗಲೇ ನೋಟರೈಸ್ ಆದ ಆವೃತ್ತಿ ಓಡ್ತಾನೇ ಇರುತ್ತೆ. ಹೊಸದನ್ನು ಬಿಡಬೇಕು ಅಂದಾಗ ಮತ್ತೆ ಕಟ್ಟಿದರಾಯ್ತು.

ದಿಬ್ಬದಮನೆ
ವಿಂಡೋಸ್‌ನಲ್ಲೂ ಹಾಗೆಯೇನಾ? ಸರ್ಟಿಫಿಕೇಟ್ 460 ದಿನಕ್ಕೆ ಮುಗಿದರೆ ಹಳೇ ಇನ್‌ಸ್ಟಾಲರ್‌ಗಳ ಗತಿ?

ಬಿಲ್ಡ್‌ಭಟ್ಟ
ಟೈಮ್‌ಸ್ಟ್ಯಾಂಪ್ ಇದ್ದರೆ ಹಾಗೆಯೇ. ಸೈನ್‌ಟೂಲ್‌ಗೆ ಟಿಆರ್ ಸ್ವಿಚ್‌ನಲ್ಲಿ ಆರ್‌ಎಫ್‌ಸಿ 3161 ಟೈಮ್‌ಸ್ಟ್ಯಾಂಪ್ ಸರ್ವರ್ ವಿಳಾಸ, ಟಿಡಿ ಮತ್ತು ಎಫ್‌ಡಿ ಎರಡಕ್ಕೂ ಎಸ್‌ಎಚ್‌ಎ-256. ಸರ್ಟಿಫಿಕೇಟ್ ಜೀವಂತ ಇದ್ದಾಗಲೇ ಸಹಿ ಬಿತ್ತು ಅಂತ ಮೂರನೆಯವರ ಮುದ್ರೆ ಅದು. ಟಿಆರ್ ಮರೆತರೆ ಸಹಿ ಇವತ್ತು ಸರಿಯಾಗೇ ಕಾಣುತ್ತೆ, ಪರೀಕ್ಷೆಯಲ್ಲೂ ಪಾಸ್. ಅವಧಿ ಮುಗಿದ ಮರುದಿನ ಪೆನ್‌ಡ್ರೈವ್‌ಗಳಲ್ಲಿ ಇರುವ ಕಾಪಿಗಳೆಲ್ಲ ಒಟ್ಟಿಗೆ ಅಮಾನ್ಯ. ಸಿಐನಲ್ಲಿ ಸಹಿಯಾದ ಮೇಲೆ ಸೈನ್‌ಟೂಲ್ ವೆರಿಫೈ, ಪಿಎ ಮತ್ತು ವಿ ಸ್ವಿಚ್ ಹಾಕಿ ಓಡಿಸಿ, ಟೈಮ್‌ಸ್ಟ್ಯಾಂಪ್ ಸಾಲು ಕಾಣದಿದ್ದರೆ ಬಿಲ್ಡ್ ಬೀಳಿಸಿ. ಟೈಮ್‌ಸ್ಟ್ಯಾಂಪ್ ಸರ್ವರ್ ಆಗಾಗ ಉತ್ತರ ಕೊಡಲ್ಲ, ಅದಕ್ಕೆ ಮೂರು ನಾಲ್ಕು ಸಲ ಮರುಪ್ರಯತ್ನ ಬರೆದಿಡಿ.

ಅಚ್ಚುಮೊಳೆ
ಫಾಂಟ್ ನಾಲ್ಕೂ ಇನ್‌ಸ್ಟಾಲರ್‌ನಿಂದ ತೆಗೆದೆ, ಬಿಲ್ಡ್ ಗಿಟ್‌ಹಬ್ ಆ್ಯಕ್ಷನ್ಸ್‌ಗೆ ಸರಿಸ್ತಿದ್ದೀನಿ. ಅರ್ಜಿಯ ಉತ್ತರ ಬರುವ ತನಕ ಡೌನ್‌ಲೋಡ್ ಪುಟದಲ್ಲಿ ದಿಬ್ಬದಮನೆಯವರು ಹೇಳಿದ ಚಿತ್ರ ಇರಲಿ. ಅನ್‌ಇನ್‌ಸ್ಟಾಲರ್‌ನ ಎರಡು ಹಂತದ ಸಹಿಗೆ ಯಾರ ಹತ್ರವಾದರೂ ಓಡ್ತಿರೋ ವೈಎಎಂಎಲ್ (ಆ್ಯಕ್ಷನ್ಸ್‌ಗೆ ಬಿಲ್ಡ್ ಹಂತಗಳನ್ನು ಹೇಳುವ ಕಡತ) ಇದ್ದರೆ ಇಲ್ಲೇ ಹಾಕಿ.